ಬಾಟ್ಲಿ ಆರು ಬದಲಾದವು, ಹುಣ್ಣು ಮಾತ್ರ ಅಲ್ಲೇ!

ಮೆಹಕರ: ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣಿಗೆ ಯಾವ ಔಷಧಿ ಹಚ್ಚಿದರೆ ಒಳ್ಳೆಯದು? ಕೆಂಪನೆಯದೋ, ಕಂದು ಬಣ್ಣದ್ದೋ, ಬುಸ್ಸೆಂದು ನೊರೆ ಬರುವುದೋ, ಇಲ್ಲಾ ಮನೆಯ ಜೇನುತುಪ್ಪವೋ? ಭಾಲ್ಕಿ ತಾಲೂಕಿನ ಈ ಗಡಿ ಊರಿನ ಚಹಾದ ಅಂಗಡಿಯಲ್ಲಿ ಈ ಪ್ರಶ್ನೆ ಹಾಕಿ ನೋಡಿ. ಕೂತವರೆಲ್ಲಾ ಡಾಕ್ಟರೇ! ಒಬ್ಬ ಕನ್ನಡದಲ್ಲಿ ಒಂದು ಹೇಳಿದರೆ, ಇನ್ನೊಬ್ಬ ಮರಾಠಿಯಲ್ಲಿ ಮತ್ತೊಂದು, ಮೂರನೆಯವ ಉರ್ದುವಿನಲ್ಲಿ ಮಗದೊಂದು. ಮೂರೂ ಭಾಷೆಯಲ್ಲಿ ಯಾರ ಬಾಯಲ್ಲೂ ಬಾರದ ಮಾತು ಒಂದಿದೆ: ಆ ಕಾಲಿನ ಮೇಲೆ ನಿಲ್ಲಬೇಡ.

ಆ ಒಂದು ಮಾತು ಹೊತ್ತಿಗೆ ಸರಿಯಾಗಿ ಕಿವಿಗೆ ಬೀಳದೆ ಇಲ್ಲಿನ ಕಿರಾಣಿ ಸಾವಕಾರರೊಬ್ಬರು ಕಾಲಿನ ಬೆರಳು ಕಳೆದುಕೊಂಡರು. ಹೆಸರು ಹಾಕಬ್ಯಾಡ್ರಿ ಎಂದಿದ್ದಾರೆ. ಊರವರಿಗೆ ಗೊತ್ತು, ಹೊರಗಿನವರಿಗೆ ಬೇಕಿಲ್ಲ.

ವಯಸ್ಸು ಐವತ್ತೆಂಟು. ಶುಗರ್ ಬಂದು ಒಂಬತ್ತು ವರ್ಷ. ಬೆಳಿಗ್ಗೆ ಆರೂವರೆಗೆ ಅಂಗಡಿ ಬಾಗಿಲು ತೆಗೆದರೆ ರಾತ್ರಿ ಒಂಬತ್ತರ ತನಕ ತಕ್ಕಡಿ ಮುಂದೆ ನಿಂತೇ ಇರುವ ಜೀವ. ಒಂದು ದಿನ ಚಪ್ಪಲಿಯ ಮೊಳೆ ಮೇಲೆದ್ದು ಬಲಗಾಲಿನ ಹೆಬ್ಬೆರಳ ಬುಡಕ್ಕೆ ಚುಚ್ಚಿದೆ. ದಿನವಿಡೀ ಚುಚ್ಚಿದೆ. ಇವರಿಗೆ ಗೊತ್ತೇ ಆಗಿಲ್ಲ! ರಾತ್ರಿ ಊಟಕ್ಕೆ ಬಂದಾಗ ಹೆಂಡತಿ ಕಂಡದ್ದು ಮನೆಯ ಫರ್ಸಿ ಮೇಲೆ ರಕ್ತದ ಹೆಜ್ಜೆ.

"ನಿಮ್ ಕಾಲಿಗಿ ಏನಾಗ್ಯಾದ್ರೀ? ರಕ್ತ ಬರ್ಲತದ ನೋಡ್ರಿ!"

"ಏನಿಲ್ಲ ಬಿಡು. ಬ್ಯಾನೇ ಇಲ್ಲ."

ಮೊದಲ ದಿನ ಅರಿಶಿಣ, ಎಣ್ಣೆ. ಆಮೇಲೆ ಮನೆಯ ಗೂಡಿನಲ್ಲಿದ್ದ ಕೆಂಪು ಔಷಧಿ. ವಾರದ ಮೇಲೆ ಡೆಟಾಲ್, ಅದೂ ನೀರು ಬೆರೆಸದೆ. ಮೆಡಿಕಲ್ ಅಂಗಡಿ ಹುಡುಗ ಕೊಟ್ಟದ್ದು ಹೈಡ್ರೋಜನ್ ಪೆರಾಕ್ಸೈಡ್. ಹಾಕಿದ ಕೂಡಲೇ ನೊರೆ ಉಕ್ಕಿತು. "ಒಳಗಿನ ಹೊಲಸೆಲ್ಲಾ ಹ್ಯಾಂಗ ಹೊರಗ ಬರ್ಲತದ ನೋಡ್ರಿ ಕಾಕಾ" ಎಂದು ಪಕ್ಕದ ಮನೆಯ ಹುಡುಗ ಖುಷಿಪಟ್ಟ. ಮಲಂಪಟ್ಟಿ ಕಟ್ಟುವವನೊಬ್ಬ ಬಂದು ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಶುರು ಮಾಡಿದ. ಕಡೆಗೆ ಯಾರೋ ಹೇಳಿದರೆಂದು ಬೆಳ್ಳಿ ಬೆರೆತ ಬಿಳಿ ಮುಲಾಮು. ಎರಡೂವರೆ ತಿಂಗಳಲ್ಲಿ ಬಾಟ್ಲಿ, ಟ್ಯೂಬು ಸೇರಿ ಆರು ತರಹದ್ದು ಖರ್ಚಾಯಿತು. ಪಟ್ಟಿ ಕಟ್ಟಿಸಿಕೊಂಡ ಮರುಗಳಿಗೆ ಸಾವಕಾರರು ಅದೇ ಚಪ್ಪಲಿ ಮೆಟ್ಟಿ, ಅದೇ ತಕ್ಕಡಿಯ ಮುಂದೆ ಹಾಜರ್! ಬೆಲ್ಲದ ಪೆಂಟಿ ಇಳಿಸುವುದೇನು, ಜೋಳದ ಚೀಲ ಜಗ್ಗುವುದೇನು.

ವಾಸನೆ ಶುರುವಾದ ಮೇಲೆ ಊರು ಬಿಟ್ಟರು. ಗಡಿ ದಾಟಿ ಒಂದು ದವಾಖಾನೆ, ಈ ಕಡೆ ಬಂದು ಇನ್ನೊಂದು. ಅಷ್ಟೊತ್ತಿಗೆ ನಂಜು ಎಲುಬಿಗೆ ಇಳಿದಿತ್ತು. ಹೆಬ್ಬೆರಳು ಹೋಯಿತು. ಕಾಲು ಉಳಿಯಿತು.

ಬ್ಯಾನಿ ಇಲ್ಲದ್ದೇ ಬ್ಯಾನಿ

ಇದು ಒಬ್ಬರ ಮನೆಯ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೆಂಬಲದಿಂದ ನಡೆದ ದೊಡ್ಡ ಸಮೀಕ್ಷೆ 2023ರಲ್ಲಿ ಹೊರಬಿತ್ತು. ಅದರ ಲೆಕ್ಕದಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಮೇಲು. ಇಂಥವರಲ್ಲಿ ಐವರಿಗೆ ಒಬ್ಬರಂತೆ, ಇನ್ನೂ ಹೆಚ್ಚೇ ಇರಬಹುದು, ಜೀವಮಾನದಲ್ಲಿ ಒಮ್ಮೆಯಾದರೂ ಕಾಲಿಗೆ ಹುಣ್ಣಾಗುತ್ತದೆ ಎಂದು ತಜ್ಞರ ಅಂದಾಜು.

ಕಾರಣ ಏನು? ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಕಾಲಿನ ನರಗಳು ಸೊರಗುತ್ತವೆ. ಮೊದಲು ಜುಮುಜುಮು, ಉರಿ. ಆಮೇಲೆ ಏನೂ ಇಲ್ಲ. ಮುಳ್ಳು ಚುಚ್ಚಿದರೂ ಇಲ್ಲ, ಬೇಸಿಗೆಯ ಡಾಂಬರು ಸುಟ್ಟರೂ ಇಲ್ಲ. ಆರೋಗ್ಯವಂತನಿಗೆ ಕಾಲಿಗೆ ಗಾಯವಾದರೆ ತಾನಾಗಿಯೇ ಕುಂಟುತ್ತಾನೆ. ಆ ಕುಂಟುವಿಕೆಯೇ ಅರ್ಧ ಔಷಧಿ, ಗಾಯದ ಮೇಲೆ ಭಾರ ಬೀಳುವುದಿಲ್ಲ. ಇವರು ಕುಂಟುವುದಿಲ್ಲ. ಹುಣ್ಣಿನ ಮೇಲೆಯೇ ಠೀವಿಯಿಂದ ನಡೆಯುತ್ತಾರೆ. ಒಂದೊಂದು ಹೆಜ್ಜೆಗೂ ಮೈಭಾರವೆಲ್ಲಾ ಆ ನಾಲ್ಕಾಣೆ ಅಗಲದ ಜಾಗಕ್ಕೆ ಬಿದ್ದು, ಹೊಸದಾಗಿ ಚಿಗುರಿದ ಮಾಂಸ ಅರೆದುಹೋಗುತ್ತದೆ. ಅದರ ಜತೆ ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದರಂತೂ ಕೇಳುವುದೇ ಬೇಡ.

ಹಾಗಾದರೆ ಬಾಟ್ಲಿಗಳ ಕೆಲಸವೇನು? ಅದನ್ನೂ ನೋಡೋಣ. ದುಡ್ಡು ಕೊಟ್ಟು ಕೊಳ್ಳುವವರು ತಿಳಿದಿರಬೇಕಲ್ಲ.

ಕಳ್ಳನ ಜತೆ ಗೌಂಡಿಗೂ ಏಟು

ನಂಜುನಿವಾರಕಗಳ ಕಥೆಯಲ್ಲಿ ದೊಡ್ಡ ಅಧ್ಯಾಯ ಮೊದಲನೇ ಮಹಾಯುದ್ಧದ್ದು. 1915ರ ಸುಮಾರಿಗೆ, ಕಂದಕಗಳ ಕೆಸರಿನಲ್ಲಿ ಸೈನಿಕರ ಗಾಯ ಕೊಳೆಯುತ್ತಿದ್ದ ಕಾಲ. ಇಂಗ್ಲೆಂಡಿನ ರಸಾಯನ ಶಾಸ್ತ್ರಜ್ಞ ಹೆನ್ರಿ ಡೇಕಿನ್, ಫ್ರೆಂಚ್ ಶಸ್ತ್ರವೈದ್ಯ ಅಲೆಕ್ಸಿ ಕ್ಯಾರೆಲ್ ಕೂಡಿ ಬ್ಲೀಚಿಂಗ್ ಜಾತಿಯ ತೆಳು ದ್ರಾವಣದಿಂದ ಗಾಯ ತೊಳೆಯುವ ಪದ್ಧತಿ ತಂದರು. ಅದೇ ವರ್ಷ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಬ್ಲೀಚಿಂಗ್ ಪುಡಿ, ಬೋರಿಕ್ ಆಸಿಡ್ ಸಮಸಮ ಕಲಸಿ ಇನ್ನೊಂದು ನೀರು ತಯಾರಾಯಿತು. ಎಡಿನ್‌ಬರೋ ಯೂನಿವರ್ಸಿಟಿ ಸೊಲ್ಯೂಷನ್ ಆಫ್ ಲೈಮ್ ಎಂಬುದರ ಮೊದಲ ಅಕ್ಷರಗಳನ್ನೇ ಕೂಡಿಸಿ ಅದಕ್ಕೆ ಯೂಸಾಲ್ ಎಂದು ಹೆಸರಿಟ್ಟರು. ನಮ್ಮ ಸರ್ಕಾರಿ ದವಾಖಾನೆಗಳ ಡ್ರೆಸ್ಸಿಂಗ್ ಕೋಣೆಯಲ್ಲಿ ಮೂಗಿಗೆ ಹೊಡೆಯುತ್ತಿದ್ದ ವಾಸನೆ ಇದರದ್ದೇ. ಅಗ್ಗ. ದವಾಖಾನೆಯಲ್ಲೇ ಕಲಸಬಹುದು. ಆದರೆ ತಾಜಾ ಇರಬೇಕು. ಹಳತಾದರೆ ಕಸುವು ಹೋಗುತ್ತದೆ.

ಆಂಟಿಬಯಾಟಿಕ್ ಇಲ್ಲದ ಆ ಕಾಲಕ್ಕೆ ಇವು ಎಷ್ಟೋ ಕೈಕಾಲು ಉಳಿಸಿದವು, ಸುಳ್ಳಲ್ಲ. ತಕರಾರು ಹುಟ್ಟಿದ್ದು ಆಮೇಲೆ. 1985ರಲ್ಲಿ ಅಮೆರಿಕದ ಶಸ್ತ್ರವೈದ್ಯರ ತಂಡವೊಂದು ಪೊವಿಡೋನ್ ಅಯೋಡಿನ್, ಹೈಡ್ರೋಜನ್ ಪೆರಾಕ್ಸೈಡ್, ಅಸಿಟಿಕ್ ಆಸಿಡ್, ಡೇಕಿನ್‌ನ ಬ್ಲೀಚಿಂಗ್ ನೀರು ಈ ನಾಲ್ಕನ್ನೂ ಪ್ರಯೋಗಶಾಲೆಯಲ್ಲಿ ಪರೀಕ್ಷೆಗೆ ಹಚ್ಚಿತು. ಪ್ರಶ್ನೆ ಸರಳ: ಇವು ಕ್ರಿಮಿ ಕೊಲ್ಲುತ್ತವೆ, ಒಪ್ಪಿದೆವು, ಹೊಸ ಮಾಂಸ ಕಟ್ಟುವ ಜೀವಕೋಶಗಳನ್ನು ಬಿಡುತ್ತವೆಯೋ? ಉತ್ತರ: ಬಿಡುವುದಿಲ್ಲ! ದವಾಖಾನೆಯಲ್ಲಿ ಬಳಸುವ ಕಸುವಿನಲ್ಲಿ ನಾಲ್ಕೂ ಆ ಕೋಶಗಳನ್ನು ಕೊಂದವು. ಕಳ್ಳನನ್ನು ಹೊಡೆಯಲು ಹೋಗಿ ಗೋಡೆ ಕಟ್ಟುತ್ತಿದ್ದ ಗೌಂಡಿಯನ್ನೂ ಹೊಡೆದಂತೆ. ಪೊವಿಡೋನ್ ಅಯೋಡಿನ್ ಹಾಗೂ ಬ್ಲೀಚಿಂಗ್ ನೀರನ್ನು ಬಹಳ ತೆಳುಮಾಡಿದರೆ ಕ್ರಿಮಿ ಸಾಯುತ್ತವೆ, ಕೋಶ ಉಳಿಯುತ್ತವೆ. ಪೆರಾಕ್ಸೈಡ್ ಮತ್ತು ಅಸಿಟಿಕ್ ಆಸಿಡ್‌ಗೆ ಆ ಅವಕಾಶವೂ ಕಾಣಲಿಲ್ಲ.

ಪ್ರಯೋಗಶಾಲೆಯ ತಟ್ಟೆ ಬೇರೆ, ಮನುಷ್ಯನ ಅಂಗಾಲು ಬೇರೆ, ನಿಜ. ಆದರೂ ಪೆರಾಕ್ಸೈಡ್‌ನ ನೊರೆ ಕಂಡು ಖುಷಿಪಡುವವರು ಒಂದು ತಿಳಿಯಬೇಕು. ರಕ್ತದಲ್ಲಿ, ಮಾಂಸದಲ್ಲಿ ಇರುವ ಒಂದು ಕಿಣ್ವ ತಾಕಿದ ಕೂಡಲೇ ಅದು ಒಡೆದು ಆಮ್ಲಜನಕ ಬಿಡುತ್ತದೆ, ಅದೇ ನೊರೆ. ಹೊಲಸು ಹೊರಬಂದ ಗುರುತಲ್ಲ. ಚೊಕ್ಕ ಮಾಂಸದ ಮೇಲೆ ಹಾಕಿದರೂ ಬುಸ್ಸೆನ್ನುತ್ತದೆ.

ಪೊವಿಡೋನ್ ಅಯೋಡಿನ್‌ಗೆ ಪೂರ್ತಿ ಅನ್ಯಾಯ ಮಾಡಬಾರದು. ಶಸ್ತ್ರಕ್ರಿಯೆಗೆ ಮುಂಚೆ ಚರ್ಮಕ್ಕೆ ಬಳಿಯಲು, ಮಣ್ಣು ಮೆತ್ತಿದ ಹೊಸ ಗಾಯಕ್ಕೆ ಒಳ್ಳೆಯ ಸಾಮಾನು. ಒಣಗಿ ಕಪ್ಪಾದ ಬೆರಳನ್ನು ಒಣಗಿಸಿಯೇ ಇಡಲೂ ವೈದ್ಯರು ಬಳಸುತ್ತಾರೆ. ಕೆಂಪಗೆ ಮಾಂಸ ಚಿಗುರುತ್ತಿರುವ ಹುಣ್ಣಿಗೆ ತಿಂಗಳುಗಟ್ಟಲೆ ಸುರಿಯುವುದೇ ಬೇರೆ ಮಾತು.

ಲಾತೂರಿನ ನಿಂಬೆ ಹುಳಿ

ಮೆಹಕರದವರಿಗೆ ಉದಗೀರ, ಲಾತೂರು ದೂರದ ಊರಲ್ಲ. ಲಾತೂರಿನ ಎಂ.ಐ.ಎಂ.ಎಸ್.ಆರ್. ವೈದ್ಯಕೀಯ ಕಾಲೇಜಿನ ಡಾ. ಬಸವರಾಜ ನಾಗೋಬಾ ಮತ್ತು ಸಂಗಡಿಗರು ವರ್ಷಗಳಿಂದ ಮಾಗದ ಹುಣ್ಣುಗಳಿಗೆ ನೂರಕ್ಕೆ 3 ಪಾಲು ಸಿಟ್ರಿಕ್ ಆಸಿಡ್ ಬಳಸಿ ನೋಡಿದ್ದಾರೆ. 2010ರಲ್ಲಿ ಸಕ್ಕರೆ ಕಾಯಿಲೆಯ ಕಾಲುಹುಣ್ಣಿನ ಬಗ್ಗೆ ಅವರ ವರದಿ ಹೊರದೇಶದ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಹುಣ್ಣಿನ ಮೇಲೆ ಹುಳಿ ಹೆಚ್ಚಾದರೆ ಔಷಧಿಗೆ ಜಗ್ಗದ ಕ್ರಿಮಿಗಳಿಗೂ ಬಾಳುವೆ ಕಷ್ಟ, ಇದು ಅವರ ವಾದ. ಒಳ್ಳೆಯ ಫಲ ಕಂಡಿತು ಎಂದೇ ಬರೆದಿದ್ದಾರೆ. ಅಗ್ಗದ ಸಾಮಾನು, ನಮ್ಮ ನೆರೆಯ ಊರಿನ ಕೆಲಸ. ಮೆಚ್ಚಬೇಕು.

ಆದರೆ ಒಂದು 'ಆದರೆ' ಇದೆ. ಒಂದು ಔಷಧಿ ಇನ್ನೊಂದಕ್ಕಿಂತ ಮೇಲೋ ಎಂದು ತಿಳಿಯಬೇಕಾದರೆ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಇದು, ಇನ್ನೊಂದಕ್ಕೆ ಅದು ಹಚ್ಚಿ ನೋಡಬೇಕು. ಇಲ್ಲದಿದ್ದರೆ ಗುಣಪಡಿಸಿದ್ದು ಹುಳಿಯೋ, ದವಾಖಾನೆಯಲ್ಲಿ ಸಿಕ್ಕ ಆರೈಕೆಯೋ, ಹಾಸಿಗೆ ಮೇಲೆ ಮಲಗಿದ ವಿಶ್ರಾಂತಿಯೋ ಹೇಳುವುದು ಹೇಗೆ? ಸಿಟ್ರಿಕ್ ಆಸಿಡ್‌ನ ವರದಿಗಳಲ್ಲಿ ಅಂಥ ಹೋಲಿಕೆ ಕಡಿಮೆ. ಇನ್ನೊಂದು ಮಾತು ಕಿರಾಣಿಯವರಿಗೇ: ಅಂಗಡಿಯಲ್ಲಿ ಮಾರುವ ನಿಂಬೆ ಉಪ್ಪನ್ನು ನೀರಿಗೆ ಕದಡಿ ಯಾರ ಕಾಲಿಗೂ ಹಾಕಿಸಬೇಡಿ. ದವಾಖಾನೆಯ ಮೂರು ಪಾಲು ಬೇರೆ, ಚಮಚದ ಅಂದಾಜು ಬೇರೆ.

ಚೀಟಿ ಎತ್ತಿ ಮಾಡಿದ ಹೋಲಿಕೆಗಳು ಏನು ಹೇಳಿದವು? 2008ರಲ್ಲಿ ಮಲೇಷ್ಯಾದಲ್ಲಿ ಜೇನುತುಪ್ಪಕ್ಕೂ ಪೊವಿಡೋನ್ ಅಯೋಡಿನ್‌ಗೂ ಪಂದ್ಯ ನಡೆಯಿತು. ಹುಣ್ಣು ಮುಂದಿನ ಚಿಕಿತ್ಸೆಗೆ ಸಿದ್ಧವಾಗಲು ಜೇನಿಗೆ ಸರಾಸರಿ 14.4 ದಿನ, ಅಯೋಡಿನ್‌ಗೆ 15.4 ದಿನ. ಒಂದು ದಿನದ ಅಂತರ! ಸಣ್ಣ ಪರೀಕ್ಷೆ, ಅದನ್ನು ಗೆಲುವೆಂದು ಕರೆಯಲು ಬಾರದು. 2009ರಲ್ಲಿ ಇಂಗ್ಲೆಂಡಿನ ಪರೀಕ್ಷೆ ಪ್ರಕಟವಾಯಿತು. 317 ರೋಗಿಗಳು, ಮೂರು ತರಹದ ಪಟ್ಟಿ: ಅಯೋಡಿನ್ ಅದ್ದಿದ್ದು, ದುಬಾರಿಯ ಹೊಸ ನಮೂನೆಯದು, ಗಾಯಕ್ಕೆ ಅಂಟದ ಬರೀ ಬಟ್ಟೆಯಂಥ ಸಾದಾ ಪಟ್ಟಿ. 24 ವಾರ ಕಳೆದಾಗ ನೂರಕ್ಕೆ 44, 45, 39 ಮಂದಿಗೆ ಹುಣ್ಣು ಮಾಗಿತ್ತು. ಲೆಕ್ಕ ಬಲ್ಲವರು ತೂಗಿ ನೋಡಿ, ಇದು ನಿಜವಾದ ವ್ಯತ್ಯಾಸವೆನ್ನಲು ಆಧಾರ ಸಾಲದು ಎಂದರು. ಸಾದಾ ಪಟ್ಟಿಯೇ ಎಲ್ಲಕ್ಕಿಂತ ಅಗ್ಗ.

ಇಂಥ 22 ಪರೀಕ್ಷೆಗಳನ್ನು, ಸುಮಾರು 2,300 ರೋಗಿಗಳ ವಿವರವನ್ನು, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ಒಟ್ಟುಹಾಕಿ ನೋಡಿತು. ಕ್ರಿಮಿನಾಶಕ ಪಟ್ಟಿಯಿಂದ ಸ್ವಲ್ಪ ಅನುಕೂಲ ಇದ್ದರೂ ಇರಬಹುದು, ಆದರೆ ಪುರಾವೆ ಗಟ್ಟಿಯಿಲ್ಲ ಎಂದಿತು. ಮಧುಮೇಹದ ಪಾದ ಕುರಿತ ಅಂತರರಾಷ್ಟ್ರೀಯ ತಜ್ಞರ ತಂಡ 2023ರ ಸೂಚನೆಗಳಲ್ಲಿ ಇನ್ನೂ ಖಡಾಖಂಡಿತ: ಹುಣ್ಣು ಮಾಗಿಸಲೆಂದು ನಂಜುನಿವಾರಕ ಹಚ್ಚಬೇಡಿ. ನಂಜು ಏರಿದ್ದರೆ ಹೊಟ್ಟೆಗೆ ಇಲ್ಲವೇ ಸೂಜಿಯಲ್ಲಿ ಆಂಟಿಬಯಾಟಿಕ್ ಬೇಕು. ಮೇಲೆ ಬಳಿದ ಬಣ್ಣ ಒಳಗಿನ ಕೀವಿಗೆ ಮುಟ್ಟುವುದಿಲ್ಲ. ತೊಳೆಯಲು ಸಲೈನ್, ಅದಿಲ್ಲದಿದ್ದರೆ ಕುದಿಸಿ ಆರಿಸಿದ ನೀರು. ಮುಚ್ಚಲು ಚೊಕ್ಕ ಪಟ್ಟಿ. ಸತ್ತ ಮಾಂಸ, ಸುತ್ತಲಿನ ಗಟ್ಟಿ ಚರ್ಮ ಕೆತ್ತಿ ತೆಗೆಯುವುದು ಬಲ್ಲವರ ಕೈಕೆಲಸ. ಬ್ಲೇಡ್ ಹಿಡಿದು ಮನೆಯಲ್ಲಿ ಕೂರುವುದಲ್ಲ.

ವೆಲ್ಲೂರಿನಿಂದ ಹೋದ ವಿದ್ಯೆ

ಈಗ ಆ ಕಾಲಿನ ಮೇಲೆ ನಿಲ್ಲಬೇಡ ಎಂಬ ಮಾತಿಗೆ ಬರೋಣ. ಇದು ಹೊರದೇಶದವರು ನಮಗೆ ಕಲಿಸಿದ್ದಲ್ಲ ಎಂದರೆ ಎಷ್ಟು ಜನ ನಂಬುತ್ತಾರೆ?

ಕುಷ್ಠರೋಗದಲ್ಲೂ ಕಾಲಿನ ನರ ಸತ್ತು ಸ್ಪರ್ಶ ಹೋಗುತ್ತದೆ, ಅಂಗಾಲಿಗೆ ಹುಣ್ಣು ಬೀಳುತ್ತದೆ. 1930ರ ದಶಕದಲ್ಲೇ ಮದ್ರಾಸ್ ಮತ್ತು ಸಿಲೋನಿನ ವೈದ್ಯರು ಅಂಥ ಕಾಲಿಗೆ ಮೂಳೆ ಮುರಿದವರಿಗೆ ಹಾಕುವಂತೆ ಪ್ಲಾಸ್ಟರ್ ಕಟ್ಟಿ, ರೋಗಿ ಓಡಾಡುತ್ತಿದ್ದರೂ ಹುಣ್ಣು ಮಾಗುವುದನ್ನು ಕಂಡರು. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅದನ್ನು ಪಳಗಿಸಿದರು. ಕುಷ್ಠರೋಗಿಯ ಕಾಲು ಕೊಳೆಯುವುದು ರೋಗದಿಂದಲ್ಲ, ನೋವು ತಿಳಿಯದೆ ತುಳಿದು ತುಳಿದೇ ಎಂದು ತೋರಿಸಿಕೊಟ್ಟವರು ಅವರು. 1966ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿಂದ ಆ ವಿದ್ಯೆ ಸಕ್ಕರೆ ಕಾಯಿಲೆಯ ಕಾಲಿಗೂ ಹಬ್ಬಿತು. ಮೊಣಕಾಲ ಕೆಳಗಿನಿಂದ ಪಾದದ ತನಕ ಮೈಗೆ ಅಂಟಿದಂತೆ ಕಟ್ಟುವ ಪ್ಲಾಸ್ಟರ್. ಭಾರ ಹುಣ್ಣಿನ ಮೇಲೆ ಬೀಳದೆ ಇಡೀ ಕಾಲಿಗೆ ಹಂಚಿಹೋಗುತ್ತದೆ.

2001ರಲ್ಲಿ ಅಮೆರಿಕದಲ್ಲಿ 63 ರೋಗಿಗಳ ಮೇಲೆ ಹೋಲಿಕೆ ನಡೆಯಿತು. 12 ವಾರದಲ್ಲಿ ಈ ಪ್ಲಾಸ್ಟರ್ ಕಟ್ಟಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 90 ಮಂದಿಗೆ ಹುಣ್ಣು ಮಾಗಿತು. ಬೇಕಾದಾಗ ಬಿಚ್ಚುವ ಬೂಟು ಹಾಕಿದವರಲ್ಲಿ 65, ಅರ್ಧ ಬೂಟಿನವರಲ್ಲಿ 58. ಬಾಟ್ಲಿಗಳ ಪಂದ್ಯದ 44, 45, 39 ಇದರ ಮುಂದಿಟ್ಟು ನೋಡಿ. ರೋಗಿಗಳು ಬೇರೆ, ವಾರಗಳು ಬೇರೆ, ನೇರ ತೂಗಲು ಬಾರದು, ಒಪ್ಪೋಣ. ಆದರೂ ಬಣ್ಣ ಬದಲಿಸಿದರೆ ಕದಲದ ಮುಳ್ಳು ಭಾರ ಇಳಿಸಿದರೆ ಎಷ್ಟು ಕದಲಿತು!

ಬಿಚ್ಚುವ ಬೂಟು ಏಕೆ ಸೋತಿತು? 2003ರಲ್ಲಿ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ನೋಡಿದರು. ರೋಗಿಗಳು ದಿನದ ನೂರು ಹೆಜ್ಜೆಯಲ್ಲಿ ಬೂಟು ಹಾಕಿ ಇಟ್ಟದ್ದು ಬರೇ 28! ಮನೆಯೊಳಗೆ ಬಿಚ್ಚಿಡುತ್ತಿದ್ದರು. ಅಮೆರಿಕದಲ್ಲೇ ಹಾಗಾದರೆ, ಹೊಸ್ತಿಲಲ್ಲೇ ಚಪ್ಪಲಿ ಬಿಡುವ ನಮ್ಮ ಗತಿ? ಮನೆಯೊಳಗೆ ಬರಿಗಾಲು, ಗುಡಿಯಲ್ಲಿ ಬರಿಗಾಲು, ದರ್ಗಾದಲ್ಲಿ ಬರಿಗಾಲು, ಗಾದಿಯ ಅಂಗಡಿಯಲ್ಲೂ ಬರಿಗಾಲು. ಮನೆಯೊಳಗೆ ಹಾಕಲೆಂದೇ ಬೇರೆ ಒಂದು ಜೋಡು ಮೆತ್ತನೆಯ ಚಪ್ಪಲಿ ಇಟ್ಟರೆ ದೇವರೇನೂ ಮುನಿಯಲಾರ.

ಪ್ಲಾಸ್ಟರ್ ಎಲ್ಲರಿಗೂ ಅಲ್ಲ, ಇದನ್ನು ಮರೆಯಬಾರದು. ನಂಜು ಜೋರಾಗಿದ್ದರೆ, ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಕಟ್ಟಬಾರದು. ಕಟ್ಟಲು ಪಳಗಿದ ಕೈ ಬೇಕು, ಆಗಾಗ ಬಿಚ್ಚಿ ನೋಡಬೇಕು. ಪ್ಲಾಸ್ಟರ್ ಸಾಮಾನೇನೋ ಮೂಳೆ ಕಟ್ಟುವ ದವಾಖಾನೆಯಲ್ಲೆಲ್ಲಾ ಇದೆ, ಪಳಗಿದ ಕೈಯೇ ಅಪರೂಪ. ಅದಿಲ್ಲದ ಕಡೆ ಹುಣ್ಣಿನ ಸುತ್ತ ದಪ್ಪ ಫೆಲ್ಟ್ ಅಂಟಿಸಿ, ನಡುವೆ ಹಳ್ಳ ಬಿಟ್ಟು, ಸರಿಯಾದ ಚಪ್ಪಲಿ ಹಾಕಿಸುವುದನ್ನೂ ತಜ್ಞರು ಒಪ್ಪುತ್ತಾರೆ. ಡಾಕ್ಟರರನ್ನು ಕೇಳುವಾಗ "ಯಾವ ಔಷಧಿ ಹಚ್ಚಲಿ ಸಾಹೇಬ್ರೆ" ಎಂದು ನಿಲ್ಲಿಸದೆ "ಈ ಕಾಲಿನ ಭಾರ ಹ್ಯಾಂಗ ಇಳಿಸ್ಲಿ, ಕಾಲಿಗಿ ರಕ್ತ ಬರಾಬರ್ ಹರೀಲತದೇನು" ಎಂದೂ ಕೇಳಬೇಕು. ಕೇಳಿದರೆ ಯಾರೂ ಬೈಯುವುದಿಲ್ಲ.

ಚಪ್ಪಲಿಯದೂ ಒಂದು ಕಥೆ. ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಕುಷ್ಠ ನಿವಾರಣಾ ಕಾರ್ಯಕ್ರಮದಲ್ಲಿ ರೋಗಿಗಳಿಗೆ ಸರ್ಕಾರವೇ ಕೊಡುತ್ತದೆ. ಸ್ಪರ್ಶ ಹೋದ ಸಕ್ಕರೆ ಕಾಯಿಲೆಯ ಕಾಲಿಗೂ ಅದೇ ತರಹದ್ದು ಬೇಕು. ಆದರೆ "ಅದು ಮಹಾರೋಗದವರ ಚಪ್ಪಲ್ ಅದ, ಮಂದಿ ಏನಂತಾರ" ಎಂದು ದೂರ ಸರಿಯುವವರೇ ಹೆಚ್ಚು. ಮಂದಿ ಮಾತಿಗೆ ಅಂಜಿ ಬೆರಳು ಕೊಟ್ಟವರ ಲೆಕ್ಕ ಯಾರ ಹತ್ತಿರ ಇದೆ?

ಆರು ಬೆರಳಿನ ಪರೀಕ್ಷೆ

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಬಿಡಿಕಾಸು ಖರ್ಚಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು 2011ರಲ್ಲಿ ಬರೆದದ್ದು. ಸಕ್ಕರೆ ಕಾಯಿಲೆಯವರು ಕಣ್ಣು ಮುಚ್ಚಿ ಮಲಗಬೇಕು. ಮನೆಯವರು ತಮ್ಮ ತೋರುಬೆರಳಿನಿಂದ ಅವರ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಮುಟ್ಟಿದ್ದು ತಿಳಿದಾಗ ಅವರು ಹೇಳಬೇಕು. ಆರರಲ್ಲಿ ಎರಡು ಕಡೆ ತಿಳಿಯದಿದ್ದರೆ ಕಾಲು ಅಪಾಯದಲ್ಲಿದೆ ಎಂದೇ ಲೆಕ್ಕ. ಅಂಥವರು ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲು ಬಾರದವರು ಕನ್ನಡಿ ಹಿಡಿಯಬೇಕು. ಚಪ್ಪಲಿ ಹಾಕುವ ಮುಂಚೆ ಒಳಗೆ ಕೈಯಾಡಿಸಬೇಕು.

ಹುಣ್ಣು ಕಂಡ ದಿನವೇ ದವಾಖಾನೆ ದಾರಿ ಹಿಡಿಯಬೇಕು. ಕಾಲು ಊದಿ ಕೆಂಪಾದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ, ಚಳಿಜ್ವರ ಬಂದರೆ ಮರುದಿನದ ಬಸ್ಸನ್ನೂ ಕಾಯಬಾರದು. ಭಾಲ್ಕಿಯ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಕಳಿಸಿದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ. ಅಂಗಡಿ ಒಂದು ದಿನ ಮುಚ್ಚಿದರೆ ಹೋಗುವುದು ಒಂದು ದಿನದ ಗಲ್ಲಾ. ಮೆಹಕರದ ಸಾವಕಾರರ ಅಂಗಡಿ ಕಡೆಗೆ ಮುಚ್ಚಿದ್ದು ಎರಡು ತಿಂಗಳು.

ಈಗ ಅವರು ತಕ್ಕಡಿ ಹಿಂದೆ ಎತ್ತರದ ಕುರ್ಚಿ ಹಾಕಿಸಿಕೊಂಡಿದ್ದಾರೆ. ಚೀಲ ಜಗ್ಗುವ ಕೆಲಸ ಮಗನದ್ದು. ಹುಣ್ಣು ಮಾಗಿದೆ, ಆದರೆ ಒಮ್ಮೆ ಮಾಗಿದ ನೂರು ಜನರಲ್ಲಿ ನಲವತ್ತು ಜನಕ್ಕೆ ವರ್ಷದೊಳಗೇ ಮತ್ತೆ ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಅದಕ್ಕೇ ರಾತ್ರಿ ಊಟವಾದ ಮೇಲೆ ಹೆಂಡತಿ ಬ್ಯಾಟರಿ ಹಿಡಿದು ಎರಡೂ ಅಂಗಾಲು ನೋಡುತ್ತಾರೆ. ಸಾವಕಾರರಿಗೆ ನಾಚಿಕೆ. "ಸಾಕ್ ಬಿಡು, ಏನಿಲ್ಲ" ಅನ್ನುತ್ತಾರೆ.

"ಆವತ್ತೂ ಹಿಂಗೇ ಅಂದಿದ್ರಿ. ಸುಮ್ನ ಕಾಲ್ ಚಾಚ್ರಿ" ಎನ್ನುತ್ತಾರೆ ಆ ತಾಯಿ.